ಗೊಟ್ಟ ಹಾಕಿದವರು ಯಾರು? ಒಂದು ಹಸು, ಹತ್ತು ವಿದ್ಯಾರ್ಥಿಗಳು ಮತ್ತು ಒಂದು ಪಟ್ಟಿಯ ಕಥೆ

ಈ ಪ್ರಕರಣವನ್ನು ಬರೆಯುವುದನ್ನು ಬಹಳ ದಿನ ಮುಂದೂಡುತ್ತ ಬಂದೆ. ಅದರಲ್ಲಿ ನನ್ನದೂ ಒಂದು ತಪ್ಪಿದೆ, ಕಾರಣ ಅದೇ. ಊರು, ಕಾಲೇಜುಗಳು, ವ್ಯಕ್ತಿಗಳು ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಬೆಂಗಳೂರಿನಲ್ಲಿ ಪಶುವೈದ್ಯಕೀಯ ವಿದ್ಯಾರ್ಥಿಗಳಿಗೆ ಪೆಥಾಲಜಿ ಕಲಿಸುವುದು ನನ್ನ ಕೆಲಸ. ನನ್ನ ಹಳೆಯ ಪರಿಚಯದ ಪ್ರಾಧ್ಯಾಪಕಿಯೊಬ್ಬರು ವೈದ್ಯಕೀಯ ಕಾಲೇಜೊಂದರಲ್ಲಿ ಸಮುದಾಯ ವೈದ್ಯಕೀಯ ವಿಭಾಗದಲ್ಲಿದ್ದಾರೆ. ನಾವಿಬ್ಬರೂ ಸೇರಿ ಮೂರು ವಾರಗಳ ಜಂಟಿ ತರಬೇತಿಯೊಂದನ್ನು ಹೊಂದಿಸಿದೆವು. ನಮ್ಮ ಕಡೆಯಿಂದ ಐವರು ಇಂಟರ್ನ್‌ಗಳು, ಅವರ ಕಡೆಯಿಂದ ಐವರು. ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಗಳನ್ನು ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತು ಕಲಿಯಬೇಕು ಎಂಬುದಷ್ಟೇ ಉದ್ದೇಶ.

ಮೊದಲ ವಾರ ನೀರಸವಾಗಿತ್ತು ಎಂದರೆ ಸೌಜನ್ಯದ ಮಾತಾಯಿತು. ಪಾಠದ ಮೇಲೆ ಪಾಠ ಮಾಡಿದೆವು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದ ಹೊತ್ತಿನಲ್ಲೇ ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದ್ದನ್ನು ಹೇಳಿದೆ. ಹತ್ತೂ ಮಂದಿ ಆ ಜ್ವರ ಹರಡುವ ಉಣ್ಣೆಹುಳುವಿನ ವೈಜ್ಞಾನಿಕ ಹೆಸರನ್ನು ಬರೆದುಕೊಂಡರು. ಮಂಗಗಳ ಸಾವನ್ನೂ ಜನರ ಜ್ವರವನ್ನೂ ಜೋಡಿಸಿ ನೋಡಬೇಕೆಂದು ಮೊದಲು ಯಾರಿಗೆ ಹೊಳೆದಿರಬಹುದು ಎಂದು ಒಬ್ಬರೂ ಕೇಳಲಿಲ್ಲ. ಊಟದ ಹೊತ್ತಿಗೆ ಐವರು ಈ ಮೇಜಿಗೆ, ಐವರು ಆ ಮೇಜಿಗೆ.

ಒಂದು ಅಭ್ಯಾಸ ಮಾತ್ರ ಮುಂದೆ ನೆನಪಿಗೆ ಬಂದಿತು. ಆರು ವಾರಗಳಿಂದ ಬಿಟ್ಟು ಬಿಟ್ಟು ಜ್ವರ ಬರುತ್ತಿರುವ ರೈತನೊಬ್ಬನನ್ನು ಏನೇನು ಕೇಳುತ್ತೀರಿ ಎಂದು ಬರೆಯಲು ಹೇಳಿದ್ದೆ. ವೈದ್ಯಕೀಯದವರು ಟೈಫಾಯ್ಡ್, ಕ್ಷಯ, ಮಲೇರಿಯಾ ಹಿಡಿದು ಪುಟ ತುಂಬಿಸಿದರು. ಮನೆಯಲ್ಲಿ ದನ ಇದೆಯೇ ಎಂದು ಬರೆದವಳು ಒಬ್ಬಳೇ. ನಮ್ಮವರು ಕಂದು ಹಾಕಿದ ಹಸುಗಳ ಲೆಕ್ಕ, ಲಸಿಕೆ, ಹೋರಿಯ ವಿವರ ಎಲ್ಲ ಕೇಳಿದರು. ಬೀಳದೆ ಒಳಗೇ ಉಳಿದ ಕಸವನ್ನು (ಮಾಸುಚೀಲವನ್ನು) ಕೈ ಹಾಕಿ ತೆಗೆದವರು ಯಾರು ಎಂದು ಕೇಳಲಿಲ್ಲ. ದನ ಕಂದು ಹಾಕುವಂತೆ ಮಾಡುವ, ಮನುಷ್ಯನಿಗೆ ಇಂಥ ಜ್ವರ ತರುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಅಂಟುವ ಒಂದು ಮುಖ್ಯ ದಾರಿ ಆ ಕೈ. ಒಂದು ಕಡೆಯವರಿಗೆ ರೋಗಿ ಕಾಣುತ್ತಿದ್ದ, ಇನ್ನೊಂದು ಕಡೆಯವರಿಗೆ ಪ್ರಾಣಿ ಕಾಣುತ್ತಿತ್ತು. ನಡುವಿನ ಕೈ ಯಾರಿಗೂ ಕಂಡಿರಲಿಲ್ಲ.

ಸಮಸ್ಯೆ

ಎರಡನೆಯ ವಾರದ ಮಂಗಳವಾರ. ಯಲಹಂಕ ದಾಟಿ ದೊಡ್ಡಬಳ್ಳಾಪುರದ ದಿಕ್ಕಿಗೆ ಹೋದರೆ ಅಪಾರ್ಟ್‌ಮೆಂಟುಗಳ ಬೆನ್ನಿಗೇ ಕೊಟ್ಟಿಗೆಗಳು ಸಿಗುತ್ತವೆ. ಅಂಥ ಒಂದು ಊರಿನಿಂದ ಕರೆ ಬಂದಿತು. ಮಿಶ್ರತಳಿಯ ಹಸು, ಮೂರನೆಯ ಕರು ಹಾಕಿದ್ದು. ಎರಡು ದಿನದಿಂದ ಮೇವು ಬಿಟ್ಟಿದೆ, ಬಾಯಿಂದ ಜೊಲ್ಲು ಸುರಿಯುತ್ತಿದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಮನೆಯವರ ಅಂದಾಜು. ಮೇವು ಬಿಡುವ ಹಿಂದಿನ ದಿನ ಹಲಸಿನ ಸಿಪ್ಪೆ ಹಾಕಿದ್ದರಂತೆ.

ನಮ್ಮ ಇಬ್ಬರು ಇಂಟರ್ನ್‌ಗಳು ಹೋದರು. ಹುಡುಗಿ ಟಾರ್ಚ್ ಹಿಡಿದು ನಾಲಿಗೆಯನ್ನು ಪಕ್ಕಕ್ಕೆ ಎಳೆದಳು. ಅವಳ ಕೈಗವಸು ಹಸುವಿನ ಹಲ್ಲಿಗೆ ಸಿಕ್ಕಿ ಹರಿಯಿತು. ಹುಡುಗ ಕೈಗವಸು ತೊಟ್ಟರೆ ಬೆರಳಿಗೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲವೆಂದು ಬರಿಗೈಯನ್ನೇ ಗಂಟಲಿನವರೆಗೆ ಇಳಿಸಿದ. ಏನೂ ಸಿಗಲಿಲ್ಲ.

ಇಲ್ಲಿ ನಿಂತು ಒಂದು ಮಾತು ಹೇಳಬೇಕು. ಜೊಲ್ಲು ಸುರಿಸುವ, ನುಂಗಲಾಗದ ಹಸುವನ್ನು ಕಂಡಾಗ ಮೊದಲು ರೇಬಿಸ್ ಇರಬಹುದೆಂದು ಭಾವಿಸಿ, ಆಮೇಲೆ ಬಾಯಿಗೆ ಕೈ ಹಾಕುವ ಮಾತು ಎಂದು ಪಶುವೈದ್ಯಕೀಯದ ಪ್ರತಿ ತರಗತಿಯಲ್ಲೂ ಹೇಳುತ್ತೇವೆ. ಈ ಇಬ್ಬರಿಗೂ ನಾನೇ ಹೇಳಿದ್ದೆ. ಇಬ್ಬರೂ ಪರೀಕ್ಷೆಯಲ್ಲಿ ಅದನ್ನು ಸರಿಯಾಗಿ ಬರೆದಿದ್ದರು. ಕೊಟ್ಟಿಗೆಯಲ್ಲಿ ಅಜ್ಜಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಾಗ ಉತ್ತರಪತ್ರಿಕೆ ನೆನಪಾಗುವುದಿಲ್ಲ.

ಬುಧವಾರ ಬೆಳಿಗ್ಗೆ ಹುಡುಗ ನನಗೆ ಮೊಬೈಲ್‌ನಲ್ಲಿ ವಿಡಿಯೊ ತೋರಿಸಿದ. ಹಸು ಹಿಂಗಾಲಿನ ಗೊರಸನ್ನು ಮಡಚಿಕೊಂಡು ಎಡವುತ್ತಿತ್ತು, ಬಾಲವೆತ್ತಿ ತಿಣುಕುತ್ತಿತ್ತು. ಕೂಗಿದಾಗ ದನಿ ನಡುವೆಯೇ ಒಡೆದು ಗೊಗ್ಗರಾಗುತ್ತಿತ್ತು. ಆ ಗೊಗ್ಗರು ದನಿಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ನನಗೆ ಅನುಮಾನ ಬಂದಿತು. ಆದರೂ ನನ್ನ ಬಾಯಿಂದ ಹೊರಟ ಪ್ರಶ್ನೆಗಳು ಇವು: ಜ್ವರ ಎಷ್ಟಿದೆ? ಸಗಣಿ ಹೇಗಿದೆ? ನೀರು ಕುಡಿಯುತ್ತದೆಯೇ?

ಹಿಂದೆ ನಿಂತು ಇಣುಕುತ್ತಿದ್ದ ವೈದ್ಯಕೀಯ ವಿದ್ಯಾರ್ಥಿನಿ ಕೇಳಿದಳು: “ಸರ್, ಅದರ ಬಾಯೊಳಗೆ ಕೈ ಹಾಕಿದವರು ಯಾರು?”

ಹುಡುಗ ತನ್ನ ಬಲಗೈಯನ್ನು ಜೇಬಿನೊಳಗೆ ಇಟ್ಟುಕೊಂಡ. ನಾನು ಅದನ್ನು ನೋಡಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಮೊದಲ ತೀರ್ಮಾನಗಳು

ಆ ಹುಡುಗನ ಬೆರಳ ಸಂದಿಯಲ್ಲಿ ಚರ್ಮ ಬಿರಿದಿತ್ತು. ಅದನ್ನು ಅವನು ನನಗೆ ಹೇಳಲಿಲ್ಲ. ಅರ್ಧ ದಿನ ಕಳೆದ ಮೇಲೆ, ಕ್ಯಾಂಟೀನಿನಲ್ಲಿ, ಆ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ಹೇಳಿದ. ಪಾಠ ಕೇಳಿಯೂ ಬರಿಗೈ ಹಾಕಿದ್ದಕ್ಕೆ ನಾನು ಏನೆನ್ನುತ್ತೇನೋ, ಅಂಕಕ್ಕೆ ಏನಾಗುತ್ತದೋ ಎಂಬ ಭಯ. ಅವಳು ಬೈಯಲಿಲ್ಲ. ನಲ್ಲಿಯ ಬಳಿಗೆ ಕರೆದೊಯ್ದು, ಸಾಬೂನು ಹಚ್ಚಿಸಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆಸಿದಳು. ತಡವಾಗಿತ್ತು ನಿಜ, ಆದರೂ ತೊಳೆಯದೆ ಬಿಡುವುದಕ್ಕಿಂತ ಮೇಲು. ಆಮೇಲೆ ಅವಳೇ ನನ್ನ ಕೋಣೆಗೆ ಬಂದಳು.

ಪ್ರಾಧ್ಯಾಪಕಿಯವರಿಗೆ ಫೋನ್ ಮಾಡಿದೆ. ಹಸು ಇನ್ನೂ ಬದುಕಿತ್ತು, ಪ್ರಯೋಗಾಲಯಕ್ಕೆ ಕಳಿಸಲು ಏನೂ ಇರಲಿಲ್ಲ. ವರದಿ ಬರುವವರೆಗೆ ಕಾಯೋಣವೇ ಎಂದು ಕೇಳಿದೆ. “ಕಾಯುವುದು ಬೇಡ. ಅನುಮಾನ ಸುಳ್ಳಾದರೆ ಲಸಿಕೆ ನಿಲ್ಲಿಸಬಹುದು. ನಿಜವಾದರೆ ಕಳೆದ ದಿನಗಳನ್ನು ವಾಪಸು ತರಲಾಗುವುದಿಲ್ಲ” ಎಂದರು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆಂಬಷ್ಟು ಅಪರೂಪ. ಇದರಲ್ಲಿ ಚರ್ಚೆಗೆ ಜಾಗವಿರಲಿಲ್ಲ.

ಅಂದು ಸಂಜೆ ಮೊದಲ ಪಟ್ಟಿ ಸಿದ್ಧವಾಯಿತು. ಅದನ್ನು ಬರೆದವರು ನಮ್ಮ ವಿದ್ಯಾರ್ಥಿಗಳು. ಇಬ್ಬರು ಇಂಟರ್ನ್‌ಗಳು, ಮೂಗುದಾರ ಹಿಡಿದು ಬಾಯಿ ತೆರೆಸಿದ ಮನೆಯ ಮಗ, ಕೈಯಿಂದ ರಾಗಿ ಗಂಜಿ ತಿನ್ನಿಸಲು ನೋಡಿದ ಅಜ್ಜಿ. ನಾಲ್ಕೇ ಹೆಸರು.

ಲಸಿಕೆ ಹಾಕಿಸುವಾಗ ಇನ್ನೊಂದು ತೊಡಕು. ಪಶುವೈದ್ಯಕೀಯ ವಿದ್ಯಾರ್ಥಿಗಳಿಗೆ ಮೊದಲೇ ಮುಂಜಾಗ್ರತಾ ಲಸಿಕೆ ಹಾಕಿಸಿರಬೇಕು. ಹಾಗೆ ಹಾಕಿಸಿಕೊಂಡವರಿಗೆ ಸೋಂಕಿನ ಸಂಪರ್ಕವಾದಾಗ 0 ಮತ್ತು 3ನೆಯ ದಿನ ಎರಡು ಡೋಸ್ ಸಾಕು, ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಡ. ಹುಡುಗಿಯ ಬಳಿ ಕಾರ್ಡ್ ಇತ್ತು. ಹುಡುಗ ಹಾಸ್ಟೆಲ್ ಬದಲಿಸುವಾಗ ಕಳೆದುಕೊಂಡಿದ್ದ; ಮೂರೂ ಡೋಸ್ ಆಗಿತ್ತೋ ಇಲ್ಲವೋ ಎಂಬುದೂ ಅವನಿಗೆ ಖಚಿತವಿರಲಿಲ್ಲ. ಕಾಲೇಜಿನ ದಾಖಲೆ ಹುಡುಕಿದರೆ ಆ ವರ್ಷದ ಪುಟದಲ್ಲಿ ‘ಲಸಿಕೆ ಹಾಕಲಾಯಿತು’ ಎಂಬ ಒಂದೇ ಸಾಲು. ಯಾರಿಗೆ, ಎಷ್ಟು ಡೋಸ್, ಏನೂ ಇಲ್ಲ. ದಾಖಲೆ ಇಲ್ಲದಿದ್ದರೆ ಲಸಿಕೆಯೇ ಆಗಿಲ್ಲವೆಂದು ತಿಳಿಯಬೇಕು ಎಂದು ಪ್ರಾಧ್ಯಾಪಕಿ ಪಟ್ಟು ಹಿಡಿದರು. ಅವನಿಗೆ ಚರ್ಮದೊಳಗಿನ ಲಸಿಕೆಯ ಪೂರ್ಣ ಕ್ರಮ, 0, 3, 7, 28ನೆಯ ದಿನ. ಜೊತೆಗೆ ಬಿರುಕಿನ ಸುತ್ತ ಇಮ್ಯುನೊಗ್ಲಾಬ್ಯುಲಿನ್. ಬೆರಳ ಸಂದಿಯಲ್ಲಿ ಸೂಜಿ ಇಳಿಯುವಾಗ ಅವನು ಸದ್ದು ಮಾಡಲಿಲ್ಲ, ಕಣ್ಣಲ್ಲಿ ನೀರು ಬಂದಿತು.

ಹೊಂಡದ ಬದಿಯಲ್ಲಿ

ಗುರುವಾರ ಬೆಳಗಿನ ಜಾವ ಹಸು ಸತ್ತಿತು. ಹೊಲದ ಮೂಲೆಯಲ್ಲಿ ಜೆಸಿಬಿಯಿಂದ ಹೊಂಡ ತೋಡಿಸಿದ್ದರು. ಹತ್ತೂ ವಿದ್ಯಾರ್ಥಿಗಳು ಬಂದರು.

ವೈದ್ಯಕೀಯದವರು ಪೂರ್ಣ ಮರಣೋತ್ತರ ಪರೀಕ್ಷೆ ನೋಡುವ ನಿರೀಕ್ಷೆಯಲ್ಲಿದ್ದರು. ನಾನು ಚಾಕು ಮುಟ್ಟುವ ಮೊದಲು ಕಿವಿಯ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಜೀಪಿನ ಬಾನೆಟ್ಟಿನ ಮೇಲೆ ಸೂಕ್ಷ್ಮದರ್ಶಕ ಇಟ್ಟು ನೋಡುತ್ತ ಕುಳಿತೆ. ತಡವೇಕೆ ಎಂದು ಒಬ್ಬ ಕೇಳಿದ. ಉತ್ತರವನ್ನು ನಮ್ಮ ವಿದ್ಯಾರ್ಥಿಯಿಂದಲೇ ಹೇಳಿಸಿದೆ: ನೆರಡಿ ರೋಗದಿಂದ (ಆಂಥ್ರಾಕ್ಸ್) ಸತ್ತ ದನವನ್ನು ತೆರೆಯಬಾರದು. ತೆರೆದರೆ ಗಾಳಿ ಸೋಕಿ ಆ ಬ್ಯಾಕ್ಟೀರಿಯಾ ಬೀಜಾಣುಗಳಾಗುತ್ತವೆ. ಬೀಜಾಣುಗಳು ಆ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಈ ಹಸುವಿನಲ್ಲಿ ನೆರಡಿಯ ಲಕ್ಷಣವೇನೂ ಇರಲಿಲ್ಲ. ಆದರೂ ನೋಡಿದೆ. ಸತ್ತ ಮನುಷ್ಯ ಸಾಮಾನ್ಯವಾಗಿ ಆಸ್ಪತ್ರೆಯ ಕಾಗದಪತ್ರಗಳ ಸಮೇತ ಮೇಜಿಗೆ ಬರುತ್ತಾನೆ. ಸತ್ತ ಹಸು ಏನನ್ನೂ ಹೇಳದೆ ಬಂದಿರುತ್ತದೆ.

ಎರಡನೆಯ ತೀರ್ಮಾನ, ಹೊಟ್ಟೆ ತೆರೆಯಬಾರದು ಎಂಬುದು. ರೇಬಿಸ್ ಅನುಮಾನವಿರುವಾಗ ಬೇಕಾದದ್ದು ಮೆದುಳು ಮಾತ್ರ. ತಲೆಬುರುಡೆಯನ್ನು ಗರಗಸದಿಂದ ಕೊಯ್ದರೆ ತುಣುಕುಗಳು ಹಾರುತ್ತವೆ. ಅದಕ್ಕೆ ಕುತ್ತಿಗೆಯ ಕೀಲಿನಲ್ಲಿ ತಲೆಯನ್ನು ಬಿಡಿಸಿ, ತಲೆಬುರುಡೆಯ ಹಿಂಭಾಗದ ದೊಡ್ಡ ರಂಧ್ರದ ಮೂಲಕ ಮೆದುಳುಕಾಂಡವನ್ನೂ ಕಿರುಮೆದುಳಿನ ಭಾಗವನ್ನೂ ತೆಗೆದೆ. ಹಗ್ಗದ ಒಳಗೆ ನಾನು ಮತ್ತು ಕಾರ್ಡ್ ತೋರಿಸಿದ ಇಬ್ಬರು. ಉಳಿದವರು ಹೊರಗೆ. ಬಂದವರಿಗೆ ಬೇಸರವಾಯಿತು, ಆಗಲಿ.

ಹೊರಗಿನ ಮೇಜಿನ ಬಳಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಚೀಟಿ ಬರೆಯುತ್ತಿದ್ದ. ಮಾದರಿ ಹೊರಗೆ ಬರುವುದನ್ನು ಕಂಡು ಉತ್ಸಾಹದಿಂದ ಫಾರ್ಮಲಿನ್ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಚಾಚಿದ. ಅವನು ಕಲಿತ ಪೆಥಾಲಜಿಯಲ್ಲಿ ಅಂಗಾಂಶ ಹೋಗುವುದು ಫಾರ್ಮಲಿನ್‌ಗೆ. ಟ್ರೇ ಹಿಡಿದಿದ್ದ ನಮ್ಮ ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು “ಬೇಡ, ಮುಚ್ಚು!” ಎಂದು ಕೂಗಿದಳು. ಫಾರ್ಮಲಿನ್‌ನಲ್ಲಿ ಬಿದ್ದ ಮೆದುಳು ಸೂಕ್ಷ್ಮದರ್ಶಕದ ಸ್ಲೈಡಿಗೆ ಸರಿ. ಆದರೆ ರೇಬಿಸ್ ಪತ್ತೆಗೆ ಮುಖ್ಯವಾದ ಪ್ರತಿದೀಪ್ತಿ ಪರೀಕ್ಷೆಗೆ ತಾಜಾ ಅಂಗಾಂಶ ಬೇಕು, ಅದು ಮಂಜುಗಡ್ಡೆಯ ಮೇಲೆ ಹೋಗಬೇಕು. ಅವನು ಮುಚ್ಚಳ ಮುಚ್ಚಿದ. ಆಮೇಲೆ ಇಬ್ಬರೂ ಅದೇ ಮೇಜಿನ ಬಳಿ ನಿಂತು ಬಹಳ ಹೊತ್ತು ಮಾತಾಡಿದರು. ಕ್ಯಾಂಟೀನಿನ ಆ ಮಾತನ್ನು ಬಿಟ್ಟರೆ, ತರಬೇತಿ ಶುರುವಾಗಿ ಒಂಬತ್ತನೆಯ ದಿನ ಆ ಕಡೆಯವರು ಈ ಕಡೆಯವರೊಂದಿಗೆ ತಾವಾಗಿ ಮಾತಾಡಿದ್ದು ಅದೇ ಮೊದಲು.

ಬೆಂಗಳೂರಿನ ಒಂದು ಅನುಕೂಲವೆಂದರೆ ಪ್ರಾಣಿಗಳ ರೇಬಿಸ್ ಪತ್ತೆಗೆ ಹೆಬ್ಬಾಳದಲ್ಲೂ ಮನುಷ್ಯರ ರೇಬಿಸ್ ಪತ್ತೆಗೆ ನಿಮ್ಹಾನ್ಸ್‌ನಲ್ಲೂ ಪ್ರಯೋಗಾಲಯಗಳಿವೆ. ಎಷ್ಟೋ ಜಿಲ್ಲೆಗಳಲ್ಲಿ ಮಾದರಿ ಇಡೀ ದಿನ ಪ್ರಯಾಣ ಮಾಡಬೇಕು. ನಮ್ಮದಕ್ಕೆ ಹೆಬ್ಬಾಳದ ಮೇಲ್ಸೇತುವೆಯ ವಾಹನ ದಟ್ಟಣೆಯನ್ನು ದಾಟುವುದೇ ದೊಡ್ಡ ಕಷ್ಟ. ಶುಕ್ರವಾರ ಮಧ್ಯಾಹ್ನ ವರದಿ ಬಂದಿತು: ರೇಬಿಸ್ ಇದೆ.

ತಿರುವು

ವರದಿಗೂ ಮೊದಲು, ಶುಕ್ರವಾರ ಬೆಳಿಗ್ಗೆಯೇ, ಪ್ರಾಧ್ಯಾಪಕಿ ವಿದ್ಯಾರ್ಥಿಗಳನ್ನು ಮನೆಭೇಟಿಗೆ ಕಳಿಸಿದ್ದರು. ಒಂದು ಜೋಡಿಯಲ್ಲಿ ಅವರ ಕಡೆಯವರೊಬ್ಬರು, ನಮ್ಮ ಕಡೆಯವರೊಬ್ಬರು. ನಾನು ಇದನ್ನು ವಿರೋಧಿಸಿದ್ದೆ. ಪಟ್ಟಿ ಆಗಲೇ ಇದೆ, ಮತ್ತೆ ಹೋಗಿ ಮನೆಯವರನ್ನು ಗಾಬರಿಗೊಳಿಸುವುದೇಕೆ ಎಂಬುದು ನನ್ನ ವಾದ.

ಜಗಲಿಯ ಮೇಲೆ ಕುಳಿತು ವೈದ್ಯಕೀಯ ವಿದ್ಯಾರ್ಥಿನಿ ಕ್ರಮವಾಗಿ ಕೇಳಿದಳು: “ಅಜ್ಜಿ, ಹಸುವಿನ ಬಾಯನ್ನಾಗಲಿ ಜೊಲ್ಲನ್ನಾಗಲಿ ಮುಟ್ಟಿದವರು ಬೇರೆ ಯಾರಾದರೂ ಇದ್ದಾರೆಯೇ?”

“ಇಲ್ಲ ಕಣಮ್ಮ. ನಾವೇ ಅಲ್ಲವೇ ಇರುವುದು.”

ಬುಧವಾರ ಬಂದ ಉತ್ತರವೂ ಇದೇ. ಅವಳು ಇನ್ನೇನು ಪೆನ್ನು ಮುಚ್ಚುವವಳಿದ್ದಳು. ಜೊತೆಗಿದ್ದ ನಮ್ಮ ಹುಡುಗನಿಗೆ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿದ್ದ ಗೊಟ್ಟ ಕಾಣಿಸಿತು. ದನಕ್ಕೆ ಔಷಧ ಕುಡಿಸುವ ಬಿದಿರಿನ ಕೊಳವೆ. ಒಂದು ತುದಿಯನ್ನು ಓರೆಯಾಗಿ ಕೊಯ್ದಿರುತ್ತಾರೆ. ಅದರ ಬಾಯಿಯಲ್ಲಿ ಒಣಗಿದ ಶುಂಠಿ, ಮೆಣಸಿನ ಕಷಾಯದ ಕಲೆ ಇನ್ನೂ ಇತ್ತು.

“ಅಜ್ಜಿ, ಗೊಟ್ಟ ಹಾಕಿದವರು ಯಾರು?”

“ಅದಾ? ಮೇಲಿನ ಬೀದಿಯ ನಮ್ಮ ನೆಂಟರವನು. ಊರಿಗೆಲ್ಲ ಅವನೇ ಹಾಕುವುದು. ಅವನ ಅಕ್ಕನ ಮಗ ಬಾಯಿ ಹಿಡಿದುಕೊಂಡಿದ್ದ.”

“ಅವರ ಹೆಸರು ಹೇಳಲೇ ಇಲ್ಲವಲ್ಲ ಅಜ್ಜಿ.”

“ಅವರು ಔಷಧ ಕುಡಿಸಿದವರಪ್ಪ. ಮುಟ್ಟಿದವರು ಯಾರು ಎಂದಲ್ಲವೇ ಈ ಹುಡುಗಿ ಕೇಳಿದ್ದು?”

ಅಜ್ಜಿಯ ಮಾತಿನಲ್ಲಿ ತಪ್ಪೇನೂ ಇಲ್ಲ. ಗೊಟ್ಟ ಎಂದರೇನೆಂದು ವಿದ್ಯಾರ್ಥಿನಿಗೆ ಗೊತ್ತಿರಲಿಲ್ಲ. ಹುಡುಗ ತನ್ನ ಕೆನ್ನೆಗೇ ಬೆರಳು ಹಾಕಿ ತೋರಿಸಿದ: ದವಡೆಯ ಸಂದಿನಲ್ಲಿ ಹೀಗೆ ಬೆರಳು ತೂರಿಸಿ, ನಾಲಿಗೆ ಹಿಡಿದು, ತಲೆ ಎತ್ತಿ ಸುರಿಯುತ್ತಾರೆ. ಕುಡಿಸುವವನ ಕೈ ಮಣಿಕಟ್ಟಿನವರೆಗೆ ಜೊಲ್ಲಿನಲ್ಲಿ ನೆನೆಯುತ್ತದೆ. ಅವಳು ಕೇಳಿದ ಮುಂದಿನ ಪ್ರಶ್ನೆ: “ಅವರು ಏನು ಕೆಲಸ ಮಾಡುತ್ತಾರೆ?” ಸಿಮೆಂಟ್ ಇಟ್ಟಿಗೆ ಮಾಡುವ ಕೆಲಸ. ಸಿಮೆಂಟಿನಲ್ಲಿ ಕೆಲಸ ಮಾಡುವವರ ಅಂಗೈಯನ್ನು ನೋಡಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಬುಧವಾರ ಪಟ್ಟಿ ಬರೆದ ನಮ್ಮ ವಿದ್ಯಾರ್ಥಿಗಳೆಲ್ಲ ಗೊಟ್ಟ ನೋಡಿ ಬೆಳೆದವರೇ. ದಿನನಿತ್ಯದ ವಸ್ತುವಾದ್ದರಿಂದಲೇ ಅದು ಅವರ ಲೆಕ್ಕಕ್ಕೆ ಬಂದಿರಲಿಲ್ಲ. ಅವಳಿಗೆ ಆ ವಸ್ತುವೇ ಹೊಸದು, ಆದರೆ ಗಾಯದ ಬಗ್ಗೆ ಕೇಳಬೇಕೆಂದು ಗೊತ್ತು.

ಅದೇ ಭೇಟಿಯಲ್ಲಿ ಮೊಮ್ಮಗನ ಮೊಣಕಾಲಿನ ತರಚು ಗಾಯವೂ ಅವಳ ಕಣ್ಣಿಗೆ ಬಿತ್ತು. ಹಸು ಕಾಯಿಲೆ ಬೀಳುವ ಹಿಂದಿನ ದಿನ ಅಲ್ಲಿ ನೆಕ್ಕಿತ್ತು ಎಂದು ಆ ಮೊಮ್ಮಗ ನಗುತ್ತ ಹೇಳಿದ. ಲಕ್ಷಣ ಕಾಣಿಸಿಕೊಳ್ಳುವ ಮೊದಲೇ ಜೊಲ್ಲಿನಲ್ಲಿ ವೈರಾಣು ಇರಬಹುದು. ಸೊಸೆ ಇನ್ನೊಂದು ವಿಷಯ ಹೇಳಿದಳು: ತಿಂಗಳಿಗೂ ಹಿಂದೆ ಒಂದು ರಾತ್ರಿ ನಾಯಿಯೊಂದು ಕೊಟ್ಟಿಗೆಗೆ ನುಗ್ಗಿ ಹಸುವಿನ ಮುಸುಡಿಗೆ ಕಚ್ಚಿತ್ತು. ಅರಿಸಿನ ಹಚ್ಚಿದರು, ಮಾಯಿತು, ಮರೆತರು. ಆ ನಾಯಿ ಆಮೇಲೆ ಕಾಣಿಸಲಿಲ್ಲ.

ಪಟ್ಟಿ ನಾಲ್ಕರಿಂದ ಎಂಟಕ್ಕೆ ಏರಿತು. ಏಳು ಮಂದಿಗೆ ಚಿಕಿತ್ಸೆ. ಎಂಟನೆಯವಳು ಸೊಸೆ, ಅವಳು ಹಾಲು ಕರೆದಿದ್ದಳು ಅಷ್ಟೆ, ಕೈಯಲ್ಲಿ ಗಾಯವಿಲ್ಲ, ಜೊಲ್ಲು ಮುಟ್ಟಿಲ್ಲ. “ಮನೆಮಂದಿಗೆಲ್ಲ ಹಾಕುತ್ತೀರಿ, ನನಗೊಬ್ಬಳಿಗೆ ಏಕಿಲ್ಲ?” ಎಂದು ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಸೂಜಿ ಚುಚ್ಚುವುದಕ್ಕಿಂತ ಚುಚ್ಚದೆ ಒಪ್ಪಿಸುವುದು ಕಷ್ಟ ಎಂದು ಆ ದಿನ ಹತ್ತು ಮಂದಿಗೂ ಗೊತ್ತಾಯಿತು.

ಅದರ ದೊಡ್ಡ ಪಾಠ ಶನಿವಾರ ಕಾದಿತ್ತು. ಆ ಹಸುವಿನ ಹಾಲು ಭಾನುವಾರದವರೆಗೂ ಊರಿನ ಡೇರಿಗೆ ಹೋಗಿತ್ತು. ಸುದ್ದಿ ಹರಡಿ, ಬೆಳಿಗ್ಗೆಯೇ ಆರೋಗ್ಯ ಕೇಂದ್ರದ ಮುಂದೆ ಜನ ಸೇರಿದರು. ಎಲ್ಲರಿಗೂ ಲಸಿಕೆ ಹಾಕಿ ಎಂದು ಒತ್ತಾಯ. ರೇಬಿಸ್ ಬಂದ ಪ್ರಾಣಿಯ ಹಾಲು ಕುಡಿದು ಮನುಷ್ಯನಿಗೆ ರೋಗ ಬಂದದ್ದು ದಾಖಲಾಗಿಲ್ಲ ಎಂದು ಒಬ್ಬ ವೈದ್ಯಕೀಯ ಇಂಟರ್ನ್ ವಿವರಿಸಿದ. ಯಾರೂ ಕೇಳಲಿಲ್ಲ. ‘ದಾಖಲಾಗಿಲ್ಲ’ ಎಂಬ ಮಾತು ಭಯದಲ್ಲಿರುವವರಿಗೆ ‘ಗೊತ್ತಿಲ್ಲ’ ಎಂದೇ ಕೇಳಿಸುತ್ತದೆ. ಆಮೇಲೆ ನಮ್ಮ ಹುಡುಗಿ ಮುಂದೆ ಬಂದು “ನಿಮ್ಮ ಮನೆಯಲ್ಲಿ ಹಾಲನ್ನು ಉಕ್ಕಿಸುತ್ತೀರಾ ಇಲ್ಲವೇ?” ಎಂದು ಒಬ್ಬೊಬ್ಬರನ್ನೇ ಕೇಳಿದಳು. ಉಕ್ಕಿದ ಹಾಲಿನಲ್ಲಿ ಈ ವೈರಾಣು ಬದುಕುವುದಿಲ್ಲ ಎಂದಳು. ಬಾಯಿಗೆ ಕೈ ಹಾಕಿದವಳು ನಾನೇ, ನನಗೆ ಚುಚ್ಚಿದ್ದಾರೆ ನೋಡಿ ಎಂದು ತೋಳು ತೋರಿಸಿದಳು. ಬಹಳ ಮಂದಿ ಮನೆಗೆ ಹೋದರು. ಎಲ್ಲರೂ ಹೋದರು ಎಂದು ಬರೆದರೆ ಸುಳ್ಳಾಗುತ್ತದೆ. ಮೂರು ಕುಟುಂಬಗಳು ಖಾಸಗಿ ಕ್ಲಿನಿಕ್‌ನಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಂಡವು.

ಏನಾಯಿತು

ಗೊಟ್ಟ ಹಾಕಿದವರು ಮೂರು ಡೋಸ್ ಆದ ಮೇಲೆ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿಬಿಟ್ಟರು. 28ನೆಯ ದಿನದ ಡೋಸಿಗೆ ಅವರನ್ನು ಫೋನಿನಲ್ಲಿ ಹಿಡಿದು ಕರೆಸುವಷ್ಟರಲ್ಲಿ 31ನೆಯ ದಿನವಾಗಿತ್ತು. ಉಳಿದವರದ್ದು ಸರಿಯಾಗಿ ಮುಗಿಯಿತು. ಒಂದು ವರ್ಷ ಅವರೆಲ್ಲರ ಮೇಲೆ ನಿಗಾ ಇಟ್ಟೆವು. ಎಲ್ಲರೂ ಚೆನ್ನಾಗಿದ್ದಾರೆ. ಅದೇ ಕೊಟ್ಟಿಗೆಯ ಇನ್ನೊಂದು ಹಸು ಮತ್ತು ಕರುವಿಗೂ ಲಸಿಕೆ ಹಾಕಿಸಿದೆವು, ಅವೂ ಉಳಿದವು.

ಕಿರುಮೆದುಳಿನ ಸ್ಲೈಡ್ ಬರಲು ಹತ್ತು ದಿನ ಹಿಡಿಯಿತು. 1903ರಲ್ಲಿ ಇಟಲಿಯ ವಿಜ್ಞಾನಿ ನೆಗ್ರಿ ವರ್ಣಿಸಿದ, ರೇಬಿಸ್‌ನ ಗುರುತಾದ ಆ ದುಂಡನೆಯ ಗುಲಾಬಿಗೆಂಪು ಚುಕ್ಕಿಗಳು ಕಿರುಮೆದುಳಿನ ದೊಡ್ಡ ನರಕೋಶಗಳಾದ ಪರ್ಕಿಂಜೆ ಕೋಶಗಳೊಳಗೆ ಸ್ಪಷ್ಟವಾಗಿದ್ದವು. ಹಿಂದಿನ ವರ್ಷಗಳಲ್ಲಿ ಈ ಸ್ಲೈಡನ್ನೇ ಪಾಠದ ಶಿಖರವೆಂದು ತೋರಿಸುತ್ತಿದ್ದೆ. ಚುಕ್ಕಿ ಕಾಣದಿದ್ದರೂ ರೇಬಿಸ್ ಇಲ್ಲವೆಂದು ಹೇಳಲಾಗದು ಎಂಬ ಎಚ್ಚರಿಕೆಯನ್ನೂ ಸೇರಿಸುತ್ತಿದ್ದೆ. ಈ ಸಲ ಹುಡುಗ ಸ್ಲೈಡ್ ನೋಡಿ ತಲೆಯೆತ್ತಿ, “ಇದನ್ನು ಕಾಯುತ್ತ ಕುಳಿತಿದ್ದರೆ ನನ್ನ ಮೂರನೆಯ ಡೋಸಿನ ದಿನವೂ ದಾಟಿರುತ್ತಿತ್ತು ಸರ್” ಎಂದ.

ಬದಲಾದದ್ದು ಹೆಚ್ಚೇನಿಲ್ಲ. ಪಾಠಗಳನ್ನು ಮೂರಕ್ಕೆ ಇಳಿಸಿದೆವು. ಮೊದಲ ದಿನದಿಂದಲೇ ಜೋಡಿಗಳನ್ನು ಮಾಡುತ್ತೇವೆ. ತಪ್ಪನ್ನು ಶಿಕ್ಷಕರಿಗೆ ಹೇಳಲು ಹೆದರುವವನು ಜೊತೆಗಾರನಿಗಾದರೂ ಹೇಳುತ್ತಾನೆ. ಪ್ರಾಣಿಗೂ ಮನುಷ್ಯನಿಗೂ ಸೇರಿ ಒಂದೇ ಪ್ರಕರಣ ಹಾಳೆ ಇದೆ. ಅದರಲ್ಲಿ ‘ಸಂಪರ್ಕಕ್ಕೆ ಬಂದವರು’ ಎಂಬ ಶೀರ್ಷಿಕೆಯನ್ನು ಹೊಡೆದುಹಾಕಿ ಕೆಲಸಗಳ ಹೆಸರನ್ನೇ ಬರೆದಿದ್ದೇವೆ: ಹಾಲು ಕರೆದವರು, ಕಸ ತೆಗೆದವರು, ಗಂಜಿ ತಿನ್ನಿಸಿದವರು, ಗೊಟ್ಟ ಹಾಕಿದವರು, ಮೂಗುದಾರ ಹಿಡಿದವರು.

ಆಗದೆ ಉಳಿದದ್ದು ಹೆಚ್ಚು. ಈ ತರಬೇತಿಗೆ ಎರಡೂ ಕಡೆ ಅಂಕಗಳಿಲ್ಲ. ವೈದ್ಯಕೀಯ ಕಾಲೇಜುಗಳು ಒಂದು ವಿಶ್ವವಿದ್ಯಾಲಯದ ಅಡಿ, ಪಶುವೈದ್ಯಕೀಯ ಕಾಲೇಜುಗಳು ಬೀದರಿನಲ್ಲಿ ಕೇಂದ್ರವಿರುವ ಇನ್ನೊಂದರ ಅಡಿ. ಎರಡರ ವೇಳಾಪಟ್ಟಿ ಕೂಡಿಬರುವ ಮೂರು ವಾರ ಹುಡುಕುವಷ್ಟರಲ್ಲಿ ಸಾಕಾಗುತ್ತದೆ. ಈ ವರ್ಷ ಆ ಕಡೆಯಿಂದ ಮೂವರು ಮಾತ್ರ ಬಂದಿದ್ದಾರೆ. ಮರಣೋತ್ತರ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಕಾರ್ಡ್ ತೋರಿಸದೆ ಒಳಗೆ ಬಿಡುವುದಿಲ್ಲ. ಮೂವರಲ್ಲಿ ಇಬ್ಬರ ಮೂರನೆಯ ಡೋಸ್ ಇನ್ನೂ ಬಾಕಿ ಇದೆ. ಸದ್ಯಕ್ಕೆ ಅವರಿಬ್ಬರೂ ಕಿಟಕಿಯ ಆಚೆ ನಿಂತು ನೋಡುತ್ತಾರೆ, ಒಳಗಿರುವ ಜೊತೆಗಾರರು ಗಟ್ಟಿಯಾಗಿ ವಿವರಿಸುತ್ತಾರೆ.